ಎಬ್ಬಿಸದೆ ಕೇಳಿದ್ದು

"ಎಂಜಿನ್ ಆರಿಸಿ, ಚಿಕ್ಕಪ್ಪ," ಎಂದಳು ಹಸ್ಮೀರಾ. ಮಡಿಲಲ್ಲಿ ಲ್ಯಾಪ್‌ಟಾಪ್, ಬಾಯಲ್ಲಿ ಉಪ್ಪು ಹಾಕಿದ ಹುಳಿಹಣ್ಣಿನ ತುಂಡು. ಅವಳಿಗೆ ಹೊಟ್ಟೆ ತೊಳೆಸುತ್ತಿರುವುದನ್ನು ಕಂಡು ದೋಣಿಯ ಮಾಲೀಕ, ಮೀನುಗಾರ ಜಬೀದಿಯೇ ಕೊಟ್ಟದ್ದು.

"ಆರಿಸ್ತೀನಮ್ಮ. ಆಮೇಲೆ ಹತ್ತದೆ ಹೋದ್ರೆ ನೀನೇ ಇಳಿದು ತಳ್ಬೇಕು."

ಕೀಲಿ ತಿರುಗಿತು. ದೋಣಿ ಅಲೆಗಳ ಮೇಲೆ ಸುಮ್ಮನೆ ಓಲಾಡತೊಡಗಿತು. ಅವನ ಊರು ತಂಜುಂಗ್ ದಾವೈಯ ದಡ ತೆಳ್ಳನೆಯ ಗೆರೆಯಂತೆ ಕಾಣುತ್ತಿತ್ತು.

ಜಬೀದಿಯ ಮಾತು ಬರೀ ತಮಾಷೆಯಾಗಿರಲಿಲ್ಲ. ಚುಕ್ಕಾಣಿಯ ಪಕ್ಕ ಕೂರಿಸಿದ್ದ ಬಿಳಿ ಪೆಟ್ಟಿಗೆ ದೋಣಿ ಎಲ್ಲಿದೆಯೆಂದು ದಡಕ್ಕೆ ತಿಳಿಸುತ್ತಿತ್ತು, ಬಿರುಗಾಳಿಯ ಎಚ್ಚರಿಕೆ ತರುತ್ತಿತ್ತು. ಎಂಜಿನ್ ನಿಂತಾಗ ಅದರೊಳಗಿನ ನೆಟ್‌ವರ್ಕ್ ಚಿಪ್ ಬ್ಯಾಟರಿ ಉಳಿಸಲು ಮಲಗಬೇಕು, ಆಗಾಗ ಎದ್ದು ಸುದ್ದಿ ಕಳಿಸಿ ಮತ್ತೆ ಮಲಗಬೇಕು. ಆದರೆ ಕೆಲವು ಸಲ ಮಲಗಿದ್ದು ಏಳುತ್ತಲೇ ಇರಲಿಲ್ಲ. ಪೆಟ್ಟಿಗೆ ತಯಾರಿಸಿದ ಹಸ್ಮೀರಾಳ ಪೆನಾಂಗಿನ ಕಚೇರಿಯಲ್ಲಿ ಎಷ್ಟು ಪರೀಕ್ಷಿಸಿದರೂ ಸರಿಯಾಗಿಯೇ ಏಳುತ್ತಿತ್ತು. ಬೇಸತ್ತ ಮೇಲಧಿಕಾರಿ ಖೂ, "ಮಲಗೋದನ್ನೇ ನಿಲ್ಲಿಸಿಬಿಡಿ" ಎಂದ. ಹಸ್ಮೀರಾ ಬೇಡವೆಂದಳು, ಆದರೆ ಗಟ್ಟಿಯಾಗಿ ಅನ್ನಲಿಲ್ಲ. ಹೋದ ವಾರ ನಿದ್ದೆಗೆಟ್ಟ ಚಿಪ್ ಜಬೀದಿಯ ಹಳೆಯ ಬ್ಯಾಟರಿಯನ್ನು ಪೂರ್ತಿ ಹೀರಿಬಿಟ್ಟಿತು. ನಡುಗಡಲಲ್ಲಿ ಎಂಜಿನ್ ಹತ್ತಲಿಲ್ಲ. ತೇಲುತ್ತಾ ಹೋದ ದೋಣಿಯನ್ನು ಮರುದಿನ ಬೇರೆಯವರು ಹಗ್ಗ ಕಟ್ಟಿ ಎಳೆದು ತಂದರು. ಪೆಟ್ಟಿಗೆ ಕಿತ್ತು ಕಡಲಿಗೆ ಎಸೆಯಬೇಕೆಂದು ಅವನ ಹೆಂಡತಿ ರೊಕಿಯಾ ಹಟ ಹಿಡಿದಳು. ಒಂದು ಸಲ ದೋಣಿಯಲ್ಲೇ ಕೂತು ನೋಡುತ್ತೇನೆಂದು ಹಸ್ಮೀರಾ ಬೇಡಿಕೊಂಡು ಬಂದಿದ್ದಳು. ಮಲಗುವ ಹಳೆಯ ಏರ್ಪಾಡನ್ನೇ ಪೆಟ್ಟಿಗೆಗೆ ಮತ್ತೆ ಹಾಕಿದ್ದಳು.

"ಇದ್ರಲ್ಲಿ ನಿನ್ನ ಕೆಲ್ಸ ಯಾವ್ದಮ್ಮ?"

"ಚಿಪ್ಪಿಗೆ ಡ್ರೈವರ್ ಬರೆದಿದ್ದು ನಾನು. ಅದನ್ನ ನಡೆಸೋ ಪ್ರೋಗ್ರಾಂ."

"ಚಿಪ್ಪಿಗೂ ಡ್ರೈವರಾ! ಲೈಸೆನ್ಸ್ ಇದ್ಯಾ ಅವನಿಗೆ?"

ಹಸ್ಮೀರಾ ನಕ್ಕಳು. ಲ್ಯಾಪ್‌ಟಾಪಿನ ತೆರೆಯ ಮೇಲೆ ಚಿಪ್ ಮಲಗಿತು, ಎದ್ದಿತು, ಮತ್ತೆ ಮಲಗಿತು. ಕಚೇರಿಯಲ್ಲಿ ಕಂಡದ್ದೇ ಇಲ್ಲೂ. ಇನ್ನೇನು ಬರಿಗೈಲಿ ಹಿಂದಿರುಗಬೇಕು ಅಂದುಕೊಳ್ಳುವಾಗ ಜಬೀದಿ ಬೆರಳನ್ನು ಲುಂಗಿಗೆ ಒರೆಸಿಕೊಂಡು ಪೆಟ್ಟಿಗೆಯ ಗುಂಡಿ ಒತ್ತಿದ. ತೆರೆಯ ಮೇಲೆ ಕೆಂಪು ಸಾಲೊಂದು ಮೂಡಿತು: ಚಿಪ್ ಇಲ್ಲ.

"ಈಗೇನು ಮಾಡಿದ್ರಿ?"

"ಏನಿಲ್ಲಮ್ಮ. ಸಿಗ್ನಲ್ ಎಷ್ಟಿದೆ, ಜೀವ ಇದ್ಯಾ ಅಂತ ನೋಡ್ದೆ."

"ಯಾವಾಗ್ಲೂ ನೋಡ್ತೀರಾ?"

"ಮತ್ತೆ? ಒಂದ್ಸಲ ಕೈ ಕೊಟ್ಟೋನನ್ನ ನಂಬಕ್ಕಾಗುತ್ತಾ?"

ಹಸ್ಮೀರಾ ತಾನೇ ಬರೆದ ಸಾಲುಗಳನ್ನು ತೆರೆದು ನೋಡಿದಳು. ಗುಂಡಿ ಒತ್ತಿದರೆ ಡ್ರೈವರ್ ಸಿಗ್ನಲ್ ಎಷ್ಟೆಂದು ಚಿಪ್ಪನ್ನು ಕೇಳುತ್ತಿತ್ತು, ಅದು ಎಚ್ಚರವಾಗಿದೆಯೇ ಎಂದು ನೋಡುತ್ತಿರಲಿಲ್ಲ. ಮಲಗಿದ ಚಿಪ್ಪಿನಿಂದ ಉತ್ತರ ಬಾರದಿದ್ದರೆ, ಅದನ್ನು ಯಾರೋ ಕಿತ್ತುಕೊಂಡು ಹೋಗಿದ್ದಾರೆಂದು ತಿಳಿದು ಕೈಬಿಡುತ್ತಿತ್ತು. ಆಮೇಲೆ ಅದನ್ನು ಎಬ್ಬಿಸುವವರೇ ಇಲ್ಲ. ಕಚೇರಿಯಲ್ಲಿ ಪೆಟ್ಟಿಗೆ ಮಲಗಿದಾಗ ಯಾರೂ ಮುಟ್ಟುತ್ತಿರಲಿಲ್ಲ. ಅಲ್ಲಿ ಯಾರಿಗೂ ಹೆದರಿಕೆಯಿರಲಿಲ್ಲ.

ಮೊಬೈಲಿನಲ್ಲಿ ಖೂಗೆ ಹೇಳಿದಳು.

"ಅಷ್ಟೇನಾ? ಎಂಜಿನ್ ನಿಂತಾಗ ಒತ್ತಬೇಡಿ ಅಂತ ಚೀಟಿ ಅಂಟಿಸಿ ಬಾ. ಉಳಿದಿದ್ದು ಮುಂದಿನ ತಿಂಗಳು ನೋಡೋಣ."

ಜಬೀದಿ ದೂರ ನೋಡುತ್ತಾ ಕೂತಿದ್ದ. ಅವನಿಗೆ ಕೇಳಿಸಿತ್ತು.

"ಆಗಲ್ಲ ಬಾಸ್," ಎಂದಳು ಹಸ್ಮೀರಾ. ಧ್ವನಿ ತನಗೇ ಜೋರೆನಿಸಿತು. "ಕಡಲಲ್ಲಿ ಕೂತೋರು ಒತ್ತೇ ಒತ್ತುತ್ತಾರೆ. ಒತ್ತಬೇಕು ಕೂಡ. ಹೋದ್ಸಲ ನೀವಂದಿದ್ದಕ್ಕೆ ತಲೆ ಆಡಿಸ್ದೆ. ಈ ಸಲ ಸರಿ ಮಾಡದೆ ದಡಕ್ಕೆ ಬರಲ್ಲ."

ಖೂ ಏನೋ ಗೊಣಗಿ ಫೋನಿಟ್ಟ.

"ಅಂದ್ರೆ ಅದು ಸಾಯ್ತಿದ್ದಿದ್ದು ನಾನು ಒತ್ತಿದ್ದಕ್ಕಾ?" ಜಬೀದಿ ಕೇಳಿದ. "ರೊಕಿಯಾಗೆ ಗೊತ್ತಾದ್ರೆ ನನ್ನನ್ನೂ ಪೆಟ್ಟಿಗೆ ಜೊತೆ ಕಡಲಿಗೆ ಎಸೀತಾಳೆ."

"ನಿಮ್ಮ ತಪ್ಪಲ್ಲ ಚಿಕ್ಕಪ್ಪ. ಕೇಳೋಕೆ ಮುಂಚೆ ಎಬ್ಬಿಸಬೇಕಿತ್ತು. ನಾನು ಬರೀಲಿಲ್ಲ."

ತಿದ್ದಬೇಕಾದದ್ದು ನಾಲ್ಕಾರು ಸಾಲು: ಮೊದಲು ಎಬ್ಬಿಸು, ಕೇಳು, ಉತ್ತರ ಬಂದ ಮೇಲೆ ಮಲಗಲು ಬಿಡು. ಬರೆಯುವ ನಡುವೆ ಎರಡು ಸಲ ದೋಣಿಯಂಚಿಗೆ ಬಾಗಿ ವಾಂತಿ ಮಾಡಿಕೊಂಡಳು. ಜಬೀದಿ ಬಂಗುಡೆಗೆ ಗಾಳ ಹಾಕಿ, ಅತ್ತ ನೋಡದವನಂತೆ ನೀರಿನ ಬಾಟಲಿ ಚಾಚಿದ.

"ಈಗ ಒತ್ತಿ."

ಒತ್ತಿದ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಪೆಟ್ಟಿಗೆಯ ಮೇಲೆ ಮೂರು ಹಸಿರು ಗೆರೆ ಬಂದವು. ಚಿಪ್ ಮತ್ತೆ ಮಲಗುವವರೆಗೆ ಕಾದು ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ.

"ಎಷ್ಟು ಸಲ ಒತ್ತಲಿ?"

"ನಿಮಗೆ ನಂಬಿಕೆ ಬರೋವರೆಗೂ."

ಅವನು ಮಧ್ಯಾಹ್ನದ ತನಕ ಒತ್ತಿದ. ಎಂಜಿನ್ ಮೊದಲ ತಿರುವಿಗೇ ಹತ್ತಿತು.

ದೋಣಿ ಊರಿಗೆ ಬರುವುದನ್ನು ರೊಕಿಯಾಳ ಮೊಬೈಲ್ ಗಳಿಗೆಗೊಮ್ಮೆ ಸದ್ದು ಮಾಡಿ ತಿಳಿಸುತ್ತಿತ್ತು. ಅದನ್ನು ಕೈಚೀಲದಿಂದ ತೆಗೆದೂ ನೋಡಿರಲಿಲ್ಲ. ಅವಳು ದೋಣಿಕಟ್ಟೆಯ ತುದಿಯಲ್ಲಿ, ಹಣೆಗೆ ಕೈ ಅಡ್ಡ ಹಿಡಿದು, ಬಿಸಿಲಲ್ಲಿ ನಿಂತಿದ್ದಳು. ಜಬೀದಿ ಎಂಜಿನ್ ಆರಿಸಿದ. ದೋಣಿ ಸದ್ದಿಲ್ಲದೆ ಜಾರುತ್ತಾ ಬಂತು. ಅವಳು ಬಾಗಿ ಹಗ್ಗಕ್ಕೆ ಕೈ ಚಾಚಿದಳು.