ಎಡದಿಂದ ಮೂರನೆಯವನು

ಮಕ್ಬೂಲನ ತಲೆ ತೆಗೆಯಲು ಒಂದು ಕೀಲಿ ಒತ್ತಿದರೆ ಸಾಕಾಗಿತ್ತು. ಶರಣಕುಮಾರ ಒತ್ತಿದ. ಕಂಪ್ಯೂಟರಿನ ಪರದೆಯ ಮೇಲೆ, ಬ್ಯಾನರಿನ ಕೆಳಸಾಲಿನಲ್ಲಿ, ಎಡದಿಂದ ಮೂರನೆಯ ಜಾಗದಲ್ಲಿ ತಲೆಯಿಲ್ಲದ ಬಿಳಿ ಅಂಗಿಯೊಂದು ಕೈಮುಗಿದು ನಿಂತಿತು.

ಫೋನು ಇನ್ನೂ ಕಿವಿಯಲ್ಲೇ ಇತ್ತು. ಆ ಕಡೆಯಿದ್ದವನು ಹುಮನಾಬಾದಿನ ತುಳಜಾರಾಮ, ಲೀಡರು ನಾಗನಾಥ ಶೇಟ್ರ ಬಲಗೈ. ಬ್ಯಾನರು ಶೇಟ್ರ ಹುಟ್ಟುಹಬ್ಬದ್ದು.

"ತಗದ್ರೇನು?"

"ತಗದೀನ್ರಿ. ಆದ್ರ ಯಾಕ್ರಿ? ಇಷ್ಟು ವರ್ಷ ಶೇಟ್ರ ಹಿಂದೇ ಓಡಾಡ್ಯಾನ."

"ಯಾಕಂತ ನಾ ಕೇಳಿಲ್ಲ. ನೀವೂ ಕೇಳಬ್ಯಾಡ್ರಿ. ಈ ಸಲ ಆ ಮಂದಿ ಬ್ಯಾಡ ಅಂತ ಶೇಟ್ರೇ ಅಂದಾರ, ಅಷ್ಟೇ."

"ಜಾಗ ಖಾಲಿ ಕಾಣ್ತದ್ರಿ."

"ಯಾರನ್ನರ ಹಾಕ್ರಿ. ನಿಮ್ದೇ ಹಾಕ್ರಿ. ಎಂ.ಎ. ಮಾಡೀರಿ, ಮಾರಿನೂ ಛಲೋ ಅದ."

ಎಂ.ಎ. ಮಾಡಿದ್ದು ಇತಿಹಾಸದಲ್ಲಿ. ಕಾಲೇಜಿನ ನೌಕರಿ ಸಿಗದೆ ಶರಣಕುಮಾರ ಬಸವಕಲ್ಯಾಣದ ಬಸ್ ಸ್ಟ್ಯಾಂಡಿನ ಹಿಂದೆ ಬ್ಯಾನರ್ ಡಿಸೈನ್ ಮಾಡುವ ಅಂಗಡಿ ಹಾಕಿಕೊಂಡಿದ್ದ. ಯಾರು ಇದ್ದರು, ಯಾರು ಇರಲಿಲ್ಲ ಎಂದು ತೀರ್ಮಾನಿಸುವ ಕಸುಬಿಗೆ ಆ ಪದವಿ ತೀರ ದಂಡವೇನೂ ಆಗಿರಲಿಲ್ಲ.

ಪರದೆಯ ಮೇಲೆ ಉಳಿದ ಮೈ ಕೂಡ ಮಕ್ಬೂಲನದೇ. ಅಂಗಡಿ ತೆರೆದ ಹೊಸದರಲ್ಲಿ ಗೋಡೆಗೆ ಹಸಿರು ಬಟ್ಟೆ ಬಿಗಿದು, ಹಬ್ಬಕ್ಕೆ ಹೊಲಿಸಿದ ಅಂಗಿಯಲ್ಲಿ ಅವನನ್ನು ನಿಲ್ಲಿಸಿ, ಕೈಮುಗಿಸಿ ಫೋಟೋ ತೆಗೆದಿದ್ದ. ಹಸಿರು ಹಿನ್ನೆಲೆಯಿಂದ ಮೈಯನ್ನು ಕತ್ತರಿಸಿ ತೆಗೆಯುವುದು ಸುಲಭ. ಅಂದಿನಿಂದ ಬರೀ ಪಾಸ್‌ಪೋರ್ಟ್ ಫೋಟೋ ತಂದುಕೊಟ್ಟವರಿಗೆಲ್ಲ ಆ ಮೈಯೇ ಗತಿ. ಊರಿನ ಅರ್ಧ ಲೀಡರುಗಳು ನನ್ನ ಎದಿ ಮ್ಯಾಲೇ ನಿಂತಾರ ಎಂದು ಮಕ್ಬೂಲ ಚಹಾದಂಗಡಿಯಲ್ಲಿ ಹೇಳಿಕೊಂಡು ನಗುತ್ತಿದ್ದ. ಮೈಯ ಬಗ್ಗೆ ತುಳಜಾರಾಮ ಏನೂ ಹೇಳಲಿಲ್ಲ. ಶರಣಕುಮಾರನೂ ಕೇಳಲಿಲ್ಲ.

ಫೋನು ಇಡುವಷ್ಟರಲ್ಲಿ ಬಾಗಿಲಲ್ಲಿ ಮಕ್ಬೂಲನೇ ನಿಂತಿದ್ದ. ಗಾದಿ ಹೊಲಿಯುವ ಅಂಗಡಿಯಿಂದ ನೇರ ಬಂದಿರಬೇಕು, ಹುಬ್ಬಿನಲ್ಲಿ ಹತ್ತಿಯಿತ್ತು. ಶರಣಕುಮಾರ ಬ್ಯಾನರನ್ನು ಪರದೆಯಿಂದ ಮರೆಮಾಡಿದ.

"ತೋರ್ಸು, ನೋಡೋಣ."

"ಫೈಲ್ ಹೋಗ್ಯಾದ."

"ಇಷ್ಟು ಲಗೂ?"

"ಪ್ರಿಂಟಿನವರು ಅವಸರ ಮಾಡಾಕತ್ತಾರ."

ಮಕ್ಬೂಲ ಸ್ಟೂಲೆಳೆದು ಕುಳಿತ. "ನನ್ನ ಮಾರಿ ಸ್ವಲ್ಪ ದೊಡ್ಡದು ಮಾಡಂತ ಹೇಳಾಕ ಬಂದಿದ್ದೆ. ಇರ್ಲಿ ಬಿಡು. ಇವತ್ತು ಹುಮನಾಬಾದಿಂದ ಹುಡುಗನ ಅಜ್ಜ ಬರಾಕತ್ತಾರ, ಮಗಳು ಅರ್ಷಿಯಾನ ಸಂಬಂಧ ಪಕ್ಕಾ ಮಾಡಾಕ. ಹೆಣ್ಣುಮಕ್ಕಳು ಬಂದು ಹೋಗ್ಯಾರ. ಮುದುಕರು ನನ್ನ ನೋಡೇ ಇಲ್ಲ."

"ಹಂಗೇನು."

"ಸಸ್ತಾಪುರ ಬಂಗ್ಲಾದಾಗ ಬಸ್ ಇಳೀರಿ, ಎದುರಿಗೇ ಬ್ಯಾನರ್ ಇರ್ತದ, ಎಡಕಿನಿಂದ ಮೂರನೇದವ ನಾನೇ ಅಂತ ಫೋನಿನಾಗ ಹೇಳೀನಿ. ನಿನ್ನೆ ನೀ ತೋರ್ಸಿದ್ದಿಯಲ್ಲ." ಮಕ್ಬೂಲ ದನಿ ತಗ್ಗಿಸಿದ. "ಹಿಂದಿನ ಸಂಬಂಧ ಹ್ಯಾಂಗ ಮುರೀತು ನಿನಗ ಗೊತ್ತದ. ಗಾದಿ ಹೊಲಿಯೋರ ಮನಿ ಅಂದುಬಿಟ್ರು. ಅರ್ಷಿಯಾ ಎಷ್ಟು ದಿನ ಮಾತೇ ಆಡಿಲ್ಲ. ಇವರರ ನೋಡ್ಲಿ, ಶೇಟ್ರ ಬಾಜೂ ನಿಲ್ಲೋ ಮನಶಾ ಅಂತ."

"ಚಹಾ ತರಸ್ಲೇನು?"

"ಬ್ಯಾಡ ಶರಣು. ಬ್ಯಾನರ್ ಕಟ್ಟಾಕ ನಾನೇ ಬರ್ತೀನಿ. ಏಣಿ ತರ್ತೀನಿ."

ಅವನು ಹೋದ ಮೇಲೆ ಶರಣಕುಮಾರ ಬ್ಯಾನರನ್ನು ಮತ್ತೆ ಪರದೆಗೆ ತಂದ. ಹಳೆಯ ಫೈಲನ್ನೇ ಕಳಿಸಿ, ತಪ್ಪಿ ಹೋಯಿತು ಎನ್ನಬಹುದಿತ್ತು. ಮಕ್ಬೂಲನ ಬೆನ್ನಿಗೆ ಓಡಿ ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತು. ಶೇಟ್ರ ಕೆಲಸ ತಪ್ಪಿದರೆ ಅಂಗಡಿಗೆ ಬೀಗ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಲೆಕ್ಕ ಹಾಕುವವನಿಗೆ ಹಾವು ಯಾರು ಎಂಬುದೇ ಮರೆತುಹೋಗುತ್ತದೆ.

ತನ್ನ ಫೋಟೋ ತೆರೆದ. ಗದ್ದದಿಂದ ಶುರುಮಾಡಿ, ಕಿವಿಯ ಸುತ್ತ ಚುಕ್ಕೆ ಚುಕ್ಕೆ ಇಡುತ್ತ ಬಂದ. ಕೂದಲ ಹತ್ತಿರ ಕೈ ನಿಧಾನವಾಯಿತು. ಊರಿನವರ ಕೂದಲನ್ನು ಒರಟಾಗಿ ಬೋಳಿಸಿ ಕೂರಿಸುವವನು ತನ್ನ ಒಂದೊಂದು ಎಳೆಯನ್ನೂ ಉಳಿಸಿಕೊಂಡ. ಹಿಂದಿದ್ದ ಗೋಡೆ, ಗೋಡೆಯ ಮೇಲಿನ ತಂದೆಯ ಪಟ, ಹೆಂಡತಿ ಜಯಮಾಲಾಳ ಅರ್ಧ ಭುಜ ಎಲ್ಲ ಮಾಯವಾದವು. ತಲೆಯನ್ನು ಬಿಳಿ ಅಂಗಿಯ ಮೇಲಿಟ್ಟಾಗ ಬಣ್ಣ ಹೊಂದಲಿಲ್ಲ. ಮುಗಿದ ಕೈಗಳು ಕಪ್ಪಗಿದ್ದವು. ತನ್ನ ಮುಖವನ್ನೇ ಒಂದಿಷ್ಟು ಕಪ್ಪು ಮಾಡಿದ.

ಚೆನ್ನಾಗಿ ಕಂಡಿತು. ಅವನಿಗೆ ಖುಷಿಯಾಯಿತು. ಆ ಖುಷಿಗೆ ನಾಚಿಕೆಯೂ ಆಯಿತು. ನಾಚಿಕೆ ಮೊದಲು ಇಳಿಯಿತು. ಫೈಲು ಕಳಿಸಿ ಹುಮನಾಬಾದಿನ ಬಸ್ಸು ಹತ್ತಿದ.

ಅಲ್ಲಿಯ ಪ್ರಿಂಟಿಂಗ್ ಅಂಗಡಿಯಲ್ಲಿ ಯಂತ್ರ ಅತ್ತಿಂದಿತ್ತ ಸರಿದಾಡುತ್ತ ಅವನ ಮುಖವನ್ನು ಗೆರೆಗೆರೆಯಾಗಿ ಹೊರಹಾಕಿತು. ಮೊದಲು ಕೂದಲು, ಆಮೇಲೆ ಹಣೆ. ಪ್ರಿಂಟ್ ನೋಡಲು ಬಂದಿದ್ದ ತುಳಜಾರಾಮ ಬಗ್ಗಿ ನೋಡಿ ತಲೆದೂಗಿದ.

"ಕೂಡ್ತು ನೋಡ್ರಿ. ಹುಟ್ಟಿದಾಗಿಂದ ಅಲ್ಲೇ ಇದ್ದಂಗ ಅದ."

ಮರಳುವ ಬಸ್ಸಿನಲ್ಲಿ ಬ್ಯಾನರಿನ ಸುರುಳಿಯನ್ನು ಮೊಣಕಾಲ ನಡುವೆ ಹಿಡಿದು ಕೂತ ಶರಣಕುಮಾರ, ಮಕ್ಬೂಲನಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದ. ನೋಡು ಮಕ್ಬೂಲ, ಎಂದು ಶುರುವಾಗುತ್ತಿತ್ತು. ಮುಂದಿನ ಸೀಟಿನ ಹೆಂಗಸಿನ ಕೂದಲು ಗಾಳಿಗೆ ಹಾರುತ್ತಿತ್ತು. ಇದನ್ನು ಕತ್ತರಿಸಲು ಅರ್ಧ ದಿನ ಬೇಕು ಎಂದುಕೊಂಡ. ಮಾತು ಮತ್ತೆ ಮೊದಲಿನಿಂದ ಶುರುವಾಯಿತು.

ಬಸವಕಲ್ಯಾಣಕ್ಕೆ ತಿರುಗುವ ಹೆದ್ದಾರಿಯ ಕೂಡುರಸ್ತೆಯಲ್ಲಿ, ಸಸ್ತಾಪುರ ಬಂಗ್ಲಾದಲ್ಲಿ, ಮಕ್ಬೂಲ ಏಣಿ ಹಿಡಿದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಣ್ಣಿಗೆ ಸುರ್ಮಾ.

"ನೀ ಮನಿಗೆ ನಡಿ," ಎಂದ ಶರಣಕುಮಾರ. "ನಾ ಕಟ್ಟತೀನಿ. ಅಂಗಿ ಹೊಲಸಾಗ್ತದ."

"ಆಗ್ಲಿ. ಅವರು ಇಲ್ಲೇ ಇಳೀತಾರಲ್ಲ."

"ಮಕ್ಬೂಲ, ನೋಡು..."

"ಏನು?"

"ಬೊಂಬು ಅಳಗಾಡ್ತದ. ನಿಗಾ ಇರ್ಲಿ."

ಮಕ್ಬೂಲ ಬೊಂಬಿನ ಚೌಕಟ್ಟಿನ ಹಿಂದಿನಿಂದ ಏಣಿ ಹತ್ತಿದ. ಚಿತ್ರ ಒಳಗಿರುವಂತೆ ಸುತ್ತಿದ್ದ ಸುರುಳಿಯ ಮೇಲಿನ ತುದಿಯನ್ನು ಎಳೆದು ಸುತಳಿಯಿಂದ ಬಿಗಿದ. ಶರಣಕುಮಾರ ಮುಂದೆ ನಿಂತು ಬಿಚ್ಚುತ್ತ ಬಂದ. ನಾಗನಾಥ ಶೇಟ್ರು ಇಳಿದರು, ಆಮೇಲೆ ಅವರ ಹಾರ, ಕೊನೆಗೆ ಕೆಳಸಾಲು. ಸಣ್ಣ ಮುಖಗಳಿಗೆ ಹೆಸರು ಹಾಕುವ ಪದ್ಧತಿಯಿರಲಿಲ್ಲ.

"ನೆಟ್ಟಗ ಅದೇನು ಶರಣು?" ದನಿ ಫ್ಲೆಕ್ಸಿನ ಹಿಂದಿನಿಂದ ಬಂತು.

"ಅದ."

"ನನ್ನ ಮಾರಿ?"

ಶರಣಕುಮಾರ ಫ್ಲೆಕ್ಸಿನ ಅಂಚು ಹಿಡಿದು ಎಳೆದ. ಹುಮನಾಬಾದಿನ ಕಡೆಯಿಂದ ಬಂದ ಬಸ್ಸು ಸದ್ದು ಮಾಡುತ್ತ ನಿಂತಿತು. ಕಪ್ಪು ಶೇರ್ವಾನಿಯ ಮುದುಕರೊಬ್ಬರು ಮಿಠಾಯಿಯ ಪೆಟ್ಟಿಗೆ ಹಿಡಿದು ಇಳಿದರು. ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಬ್ಯಾನರನ್ನು ನೋಡಿದರು. ಅವರ ಬೆರಳು ಗಾಳಿಯಲ್ಲಿ ಒಂದು, ಎರಡು, ಮೂರು ಎಂದು ಸರಿದು ನಿಂತಿತು. ಆಮೇಲೆ ಕಣ್ಣು ಕೆಳಗಿಳಿದು, ಫ್ಲೆಕ್ಸಿನ ಅಂಚು ಹಿಡಿದು ನಿಂತವನನ್ನು ಕಂಡಿತು. ಮುಖ ಅರಳಿತು.

"ಅಸ್ಸಲಾಮ್ ಅಲೈಕುಮ್, ಮಕ್ಬೂಲ್ ಸಾಬ್," ಎನ್ನುತ್ತ ಅವರು ಶರಣಕುಮಾರನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ತೆಗೆದುಕೊಂಡರು.

"ಯಾರು ಬಂದ್ರು ಶರಣು?"

ಮುದುಕರು ಕೈ ಬಿಡಲಿಲ್ಲ. ಅವನೂ ಬಿಡಿಸಿಕೊಳ್ಳಲಿಲ್ಲ. ಕೆಳಗಿನ ಗಂಟು ಹಾಕಲು ಮಕ್ಬೂಲ ಹಿಂದಿನಿಂದ ಫ್ಲೆಕ್ಸಿಗೆ ಮೈ ಆನಿಸಿದ್ದ. ಬ್ಯಾನರಿನ ಮೇಲೆ, ಶರಣಕುಮಾರನ ಮುಖದ ಕೆಳಗೆ, ಆ ಬಿಳಿ ಅಂಗಿಯ ಎದೆ ನಿಧಾನವಾಗಿ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು.