ವೆಜ್‌ನವರಿಗೆ ಮಾತ್ರ

ಬ್ರೋಕರ್ ಬ್ರಯಾನ್ ಫೋನಿನಲ್ಲಿ ಆ ಅಪಾರ್ಟ್‌ಮೆಂಟಿನ ಹೆಸರು ಹೇಳಿದಾಗ ನಾನು ಅತ್ತಾವರದ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಫಿಸಿಯೋಥೆರಪಿ ಮಾಡಿ ಮುಗಿಸಿ ಕೈ ತೊಳೆಯುತ್ತಿದ್ದೆ. ನಲ್ಲಿ ನಿಲ್ಲಿಸಲು ಮರೆತೇಹೋಯಿತು.

“ಮಣ್ಣಗುಡ್ಡದಲ್ಲಿ, ಸಮೀನಾ ಮೇಡಂ. ಗ್ರೌಂಡ್ ಫ್ಲೋರ್. ನಿಮ್ಮ ಮಾಮಿಗೆ ಒಂದು ಮೆಟ್ಟಿಲೂ ಇಲ್ಲ. ಪಾರ್ಟಿಗೆ ಭಾರೀ ಅರ್ಜೆಂಟ್ ಉಂಟು.”

“ಓನರ್ ಯಾರು?”

“ತಾರಾನಾಥ ಅಂತ. ಹೆಂಡತಿ ವಿನೋದಾ. ಒಳ್ಳೆ ಜನ ಮಾರಾಯ್ರೆ.”

ಒಳ್ಳೆ ಜನ ಎಷ್ಟು ಒಳ್ಳೆಯವರೆಂದು ನನಗೆ ಎಂಟು ವರ್ಷದಿಂದ ಗೊತ್ತಿತ್ತು.

ಆಗ ಅವರಿಗೆ ಎದುರುಬದುರಾಗಿ ಎರಡು ಫ್ಲಾಟಿದ್ದವು. ಒಂದರಲ್ಲಿ ಅವರಿದ್ದರು, ಇನ್ನೊಂದು ಬಾಡಿಗೆಗೆ ಖಾಲಿಯಿತ್ತು, ಅದನ್ನು ನೋಡಲು ಹೋಗಿದ್ದೆವು. ನನ್ನ ಗಂಡ ಅರ್ಶದ್ ಸೌದಿಯ ಜುಬೈಲಿನಲ್ಲಿ, ನಾನು ಮತ್ತು ಮಾಮಿ ಕಾಟಿಪಳ್ಳದಲ್ಲಿ, ಕಡಿದಾದ ಮೆಟ್ಟಿಲಿನ ಮಹಡಿ ಮನೆಯಲ್ಲಿ. ಮಾಮಿ ಅಂದರೆ ಅತ್ತೆ, ಖತೀಜಮ್ಮ. ಎರಡೂ ಮೊಣಕಾಲು ಸವೆದಿದ್ದವು. ಅವರಿಗೆ ಬೇಕಾದದ್ದು ಎರಡೇ: ಮೆಟ್ಟಿಲಿಲ್ಲದ ಬಾಗಿಲು, ಬಾಗಿಲವರೆಗೆ ಬರುವ ಮೀನಿನವಳು. ಅವತ್ತು ತಾರಾನಾಥ ಮನೆಯಲ್ಲಿರಲಿಲ್ಲ. ವಿನೋದಾ ಅಡುಗೆಯನ್ನು ಕೆಲಸದವಳಿಗೆ ಬಿಟ್ಟು, ನಮ್ಮನ್ನು ನಗುನಗುತ್ತಾ ಕೋಣೆ ಕೋಣೆಗೆ ಕರೆದುಕೊಂಡು ಹೋದರು. ನಾನು ಆಸ್ಪತ್ರೆಯಿಂದ ಸೀದಾ ಹೋದವಳು, ಬಿಳಿ ಕೋಟಿನಲ್ಲಿದ್ದೆ. ಮಾಮಿ ಸೀರೆಯ ಸೆರಗು ಹೊದ್ದಿದ್ದರು. ಎಲ್ಲ ತೋರಿಸಿ ಆದಮೇಲೆ ವಿನೋದಾ ನಮ್ಮ ಹೆಸರು ಕೇಳಿದರು. ಹೇಳಿದೆ.

“ಅಯ್ಯೋ, ಒಂದು ಹೇಳಲಿಕ್ಕೆ ಮರೆತೆ ನೋಡಿ,” ಎಂದರು ವಿನೋದಾ. “ನಾವು ವೆಜ್‌ನವರಿಗೆ ಮಾತ್ರ ಕೊಡುವುದು. ನಮ್ಮಲ್ಲಿ ಮೀನಿನ ವಾಸನೆ ಆಗುವುದಿಲ್ಲ.”

ಅವರ ಮನೆಯ ತೆರೆದ ಬಾಗಿಲಿನಿಂದ ಕಾವಲಿಯ ಸದ್ದು ಚುಂಯ್ ಎಂದು ಬರುತ್ತಿತ್ತು. ಮಸಾಲೆ ಹಚ್ಚಿದ ಮೀನು ಎಣ್ಣೆಗೆ ಬಿದ್ದ ಸದ್ದು ಈ ಊರಿನಲ್ಲಿ ಯಾರಿಗೆ ಗೊತ್ತಾಗುವುದಿಲ್ಲ? ಮಾಮಿ ಗೇಟು ದಾಟಿ ರಸ್ತೆಗೆ ಬಂದಮೇಲೆ, “ಕಾಣೆ ಮೀನಲ್ವಾ ಅದು?” ಎಂದು ಕೇಳಿ, ನನ್ನ ಹೆಗಲು ಹಿಡಿದುಕೊಂಡರು. ಆಮೇಲೆ ಎಂಟು ವರ್ಷ ಅದೇ ಮೆಟ್ಟಿಲು, ಅದೇ ಗೋಡೆ ಹಿಡಿದು ಕೂತು ಇಳಿಯುವುದು. ಒಮ್ಮೆ ಜಾರಿ ಮಣಿಕಟ್ಟು ಮುರಿದುಕೊಂಡರು. ಬ್ಯಾಂಡೇಜ್ ಕಟ್ಟುವಾಗಲೆಲ್ಲ ನನಗೆ ಆ ಚುಂಯ್ ಕೇಳುತ್ತಿತ್ತು.

ಈಗ ತಾರಾನಾಥರಿಗೆ ಹಣ ಬೇಕಾಗಿತ್ತು. ವಿನೋದಕ್ಕನಿಗೆ ಹದಿನೇಳನೇ ಮಹಡಿಯಲ್ಲಿ, ಹಾಲಿನಲ್ಲಿ ಕೂತರೆ ಸಮುದ್ರ ಕಾಣುವ ಮನೆ ಬೇಕು. ಎದುರಿನ ಫ್ಲಾಟು ಮಗಳ ಮೆಡಿಕಲ್ ಸೀಟಿಗೆ ಹೋಗಿಯಾಗಿತ್ತು. ತಾವಿರುವುದನ್ನು ಮಾರದೆ ಬಿಲ್ಡರ್‌ಗೆ ಕೊಡಲು ದಾರಿಯಿರಲಿಲ್ಲ.

“ನೋಡಿದವರಿಗೆಲ್ಲ ಇಷ್ಟ, ಬ್ಯಾಂಕಿಗೆ ಮಾತ್ರ ಇಷ್ಟ ಇಲ್ಲ,” ಎಂದ ಬ್ರಯಾನ್. “ಬಾಲ್ಕನಿ ಮುಚ್ಚಿ ರೂಮು ಮಾಡಿದ್ದಾರೆ, ಪ್ಲಾನಿನಲ್ಲಿ ಅದಿಲ್ಲ. ಲೋನ್ ಪಾಸಾಗುವುದಿಲ್ಲ. ಲೋನಿಲ್ಲದೆ ಈಗ ಯಾರು ಮನೆ ತಗೊಳ್ತಾರೆ ಹೇಳಿ?”

ನಾವು ತಗೊಳ್ತೇವೆ. ಬಡ್ಡಿ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು ಎಂಬುದು ಅರ್ಶದನ ಹಟ. ಓರಗೆಯವರೆಲ್ಲ ಲೋನು ಮಾಡಿ ಮನೆ ಹೊಕ್ಕಾಗ ಅವನ ಜೊತೆ ಎಷ್ಟು ಜಗಳವಾಡಿದ್ದೆನೋ. ಅವನ ಸಂಬಳ, ನನ್ನ ಬಳೆಗಳು, ಅವನ ಪಾಲಿನ ಜಾಗ ಎಲ್ಲ ಸೇರಿ ಈಗ ಪೂರ್ತಿ ಹಣ ನನ್ನ ಹೆಸರಿನಲ್ಲಿ ಕೂತಿತ್ತು. ಯಾವ ಬ್ಯಾಂಕಿನವನೂ ಬಂದು ಬಾಲ್ಕನಿ ಅಳೆಯಬೇಕಾಗಿರಲಿಲ್ಲ.

ಮನೆ ನೋಡಲು ಹೋದಾಗ ವಿನೋದಕ್ಕ ನಮ್ಮ ಗುರುತು ಹಿಡಿಯಲಿಲ್ಲ. ಹೆಸರನ್ನು ಬ್ರಯಾನ್ ಮೊದಲೇ ಹೇಳಿದ್ದ.

“ನಾವು ಆ ಜಾತಿ ಈ ಜಾತಿ ಅಂತ ಎಂತದೂ ನೋಡುವವರಲ್ಲ, ಆಯ್ತಾ,” ಎಂದರು ಚಹಾ ಕೊಡುತ್ತಾ. ಮಾಮಿ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ನನ್ನ ಮುಖ ನೋಡಿ, ನಿಧಾನವಾಗಿ ತಿಂದರು.

“ನಮ್ಮ ಹೊಸ ಮನೆ ಆಗುವಾಗ ದೀಪಾವಳಿ ಕಳೆಯಬಹುದು,” ಎಂದರು ತಾರಾನಾಥ. “ಅಷ್ಟರವರೆಗೆ ಬಾಡಿಗೆ ಕೊಟ್ಟು ಇಲ್ಲೇ ಇರ್ತೇವೆ. ಆಗಬಹುದಾ?”

“ಅದಕ್ಕೆಂತ, ರಿಜಿಸ್ಟ್ರೇಷನ್ ಆಗಲಿ, ಮಾತಾಡುವ,” ಎಂದೆ. ಅವರು ಅದನ್ನು ಒಪ್ಪಿಗೆಯೆಂದೇ ತಿಳಿದರು.

ರಿಜಿಸ್ಟ್ರೇಷನ್ ಆದ ಸಂಜೆ ಅದೇ ಹಾಲಿನಲ್ಲಿ ಬಾಡಿಗೆ ಅಗ್ರಿಮೆಂಟಿಗೆ ಕೂತೆವು. ಬ್ರಯಾನ್ ಪೆನ್ನಿನ ಮುಚ್ಚಳ ತೆಗೆದ.

“ಒಂದು ಹೇಳಲಿಕ್ಕೆ ಮರೆತೆ ನೋಡಿ,” ಎಂದೆ ನಾನು. “ನಾವು ವೆಜ್‌ನವರಿಗೆ ಮಾತ್ರ ಕೊಡುವುದು.”

ತಾರಾನಾಥ ಜೋರಾಗಿ ನಕ್ಕರು. “ತಮಾಷೆ ಮಾಡ್ಬೇಡಿ ಮೇಡಂ! ಮೀನಿಲ್ಲದಿದ್ದರೆ ನನಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ.”

“ನಿಮಗೆಂತ ಕಷ್ಟ?” ಎಂದರು ಮಾಮಿ, ಬಹಳ ಮರ್ಯಾದೆಯಿಂದ. “ಎಂಟು ವರ್ಷದ ಹಿಂದೆಯೇ ನೀವು ವೆಜ್ ಆಗಿದ್ರಲ್ಲ. ಅಲ್ವಾ ವಿನೋದಕ್ಕ? ಕಾವಲಿಯಲ್ಲಿ ಕಾಣೆ ಇಟ್ಟುಕೊಂಡೇ ವೆಜ್ ಆಗಿದ್ರಿ.”

ವಿನೋದಕ್ಕ ಮಾಮಿಯ ಮೊಣಕಾಲು ನೋಡಿದರು, ಆಮೇಲೆ ನನ್ನನ್ನು. ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣು ತುಂಬ ನೋಡಿದೆ. ಇಷ್ಟು ವರ್ಷ ಕಾದದ್ದು ಮನೆಗೋ, ಈ ಮುಖಕ್ಕೋ, ಆ ಹೊತ್ತಿನಲ್ಲಿ ನನಗೇ ಗೊತ್ತಾಗಲಿಲ್ಲ.

“ಎಂತ ವಿನೋದಾ, ಎಂತ ಕತೆ ಇದು?” ತಾರಾನಾಥ ಕೇಳಿದರು.

“ಕತೆ ಅವರೇ ಹೇಳಲಿ,” ಎಂದೆ. “ಹೇಳಿದ್ರೆ ಈ ಷರತ್ತು ಈಗಲೇ ಹೊಡೆದುಹಾಕ್ತೇನೆ. ಮೀನು ಹುರಿಯುತ್ತಿದ್ದವರು ಯಾಕೆ ವೆಜ್ ಅಂದ್ರಿ? ಕಾರಣ ಮಾತ್ರ ಸಾಕು. ಗಂಡನ ಎದುರು, ನಮ್ಮ ಎದುರು.”

ಬ್ರಯಾನ್ ಫ್ಯಾನ್ ನೋಡುತ್ತಾ ಕೂತ. ವಿನೋದಕ್ಕ ಪೆನ್ನು ಎಳೆದುಕೊಂಡು, ಕಾಗದ ಹರಿಯುವಷ್ಟು ಒತ್ತಿ ಸಹಿ ಹಾಕಿದರು.

“ಅಯ್ಯೋ, ಒಂದು ಮಾತು ಹೇಳಬಾರದಾ ಮಾರಾಯ್ತಿ!” ಎಂದು ತಾರಾನಾಥ ತಲೆ ಹಿಡಿದುಕೊಂಡರು.

ಮುಂದಿನ ತಿಂಗಳು ಬಾಡಿಗೆಗೆಂದು ಸರಿಯಾಗಿ ಊಟದ ಹೊತ್ತಿಗೇ ಹೋದೆವು. ಹಟಮಾರಿ ಹೆಂಗಸು, ಮಾತು ಉಳಿಸಿಕೊಂಡಿದ್ದರು. ಮೇಜಿನ ಮೇಲೆ ತೊಂಡೆಕಾಯಿ ಪಲ್ಯ, ಸಾರು. ತಾರಾನಾಥರಿಗೆ ಹೊಟೇಲಿನ ದಾರಿ ಗೊತ್ತಿತ್ತು, ಮನೆಯಲ್ಲಿರಲಿಲ್ಲ. ಮಾಮಿ ಕುರ್ಚಿಯಲ್ಲಿ ಕೂತು ಚೀಲದಿಂದ ಟಿಫಿನ್ ತೆಗೆದರು.

“ಷರತ್ತು ಬಾಡಿಗೆಯವರಿಗೆ. ಓನರ್‌ಗೆ ತಿನ್ನಬಹುದಲ್ಲ?”

ಮುಚ್ಚಳ ತೆರೆಯಿತು. ಕಾಣೆ ಫ್ರೈಯ ಪರಿಮಳ ಹಾಲಿನಲ್ಲೆಲ್ಲ ತುಂಬಿತು. ವಿನೋದಕ್ಕ ಎರಡು ತಟ್ಟೆ ತಂದಿಟ್ಟು ಗೋಡೆಗೆ ಒರಗಿ ನಿಂತರು. ಅವರ ಕಣ್ಣು ಟಿಫಿನ್ ಬಿಟ್ಟು ಕದಲಲಿಲ್ಲ.

“ಅವತ್ತೂ ಇದೇ ಕಾಣೆ,” ಎಂದರು ಮಾಮಿ, ಮುಳ್ಳು ಬಿಡಿಸುತ್ತಾ.

ವಿನೋದಕ್ಕ ಒಳಗೆ ಹೋಗಿ ನೀರಿನ ಲೋಟಗಳನ್ನೂ ತಂದಿಟ್ಟರು.

“ಕಾಣೆ ಅಲ್ಲ,” ಎಂದರು ವಿನೋದಕ್ಕ, ನೆಲ ನೋಡುತ್ತಾ. “ಅಂಜಲ್.”

ಮಾಮಿಯ ಕೈ ನಿಂತಿತು. ಒಂದು ತುಂಡು ಎತ್ತಿ ವಿನೋದಕ್ಕನ ಕಡೆ ಚಾಚಲು ಹೊರಟರು. ನಾನು ಟಿಫಿನ್ ನನ್ನ ಕಡೆ ಎಳೆದುಕೊಂಡೆ.

“ಮೀನಿನ ಹೆಸರು ಸಿಕ್ಕಿತು ಮಾಮಿ. ಕಾರಣ ಇನ್ನೂ ಬಾಕಿ ಉಂಟು,” ಎಂದು ಮುಚ್ಚಳ ಹಾಕಿದೆ. “ಮುಂದಿನ ತಿಂಗಳು ಬರ್ತೇವೆ, ವಿನೋದಕ್ಕ. ಅಂಜಲ್ ತರ್ತೇವೆ.”