ಗೋಡೆಯಾಚೆಯ ಕೇಳುಗ

ಬೆಳಗಿನ ವಾರ್ತೆ ಮುಗಿಯುವ ಮೊದಲೇ ಹಗ್ಗದ ಯಜಮಾನ ಫೋನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಕೂತಲ್ಲಿ ಕೂರಲಾಗದು, ಎದ್ದು ಕಿಟಕಿಯವರೆಗೆ ಹೋಗುವನು, ಮತ್ತೆ ಬಂದು ಕೂರುವನು. ಇನ್ನೇನು ಬಾನುಲಿಯಲ್ಲಿ ಕೇಳುಗರು ಕರೆ ಮಾಡುವ ಚರ್ಚೆ ಶುರುವಾಗಬೇಕು. ಎದುರಿಗೆ ಹಗ್ಗ ಹೊಸೆಯಲು ನೆನೆಸಿ ಬಡಿದ ನಾರಿನ ರಾಶಿ ಹಾಗೇ ಬಿದ್ದಿತ್ತು. ಮೊದಲೆಲ್ಲ ರಾಟೆಯನ್ನು ತಮ್ಮ ತಿರುಗಿಸುತ್ತಿದ್ದ, ಇವನು ನಾರು ಬಿಡುತ್ತ ಹಿಂದೆ ಹಿಂದೆ ನಡೆಯುತ್ತಿದ್ದ. ಈಗ ತಮ್ಮ ಅದೇ ಮನೆಯ ಇನ್ನರ್ಧದಲ್ಲಿ, ನಡುಗೋಡೆಯ ಆಚೆ.

ಜಗಳಕ್ಕೆ ಹೊಲ ಕಾರಣವಲ್ಲ, ಹೆಂಗಸರೂ ಅಲ್ಲ. ಹೋದ ವರ್ಷ ನೆರೆಯ ದೇಶದಲ್ಲಿ ಯುದ್ಧ ಹತ್ತಿಕೊಂಡಾಗ, ನಮ್ಮ ಸೈನ್ಯ ಹೋಗಬೇಕೆಂದು ಅಣ್ಣ, ಬೇಡವೆಂದು ತಮ್ಮ, ಇದೇ ಕಾರ್ಯಕ್ರಮಕ್ಕೆ ಕರೆ ಮಾಡಿ ವಾದಿಸಿದ್ದರು. "ಕೆಲವರ ಮೈಯಲ್ಲಿ ರಕ್ತ ಇಲ್ಲ, ಬರೀ ನೀರು" ಎಂದು ಅಣ್ಣ ದೇಶಕ್ಕೆಲ್ಲ ಕೇಳುವಂತೆ ಅಂದುಬಿಟ್ಟಿದ್ದ. ಅಂದಿನಿಂದ ಅಂಗಳದಲ್ಲಿ ಮಾತಿಲ್ಲ. ಬಾನುಲಿಯಲ್ಲಿ ಮಾತ್ರ ಇಬ್ಬರೂ ಒಬ್ಬರನ್ನೊಬ್ಬರು "ಅವರು" ಎನ್ನುತ್ತ ವಾರವಾರವೂ ಕಾದಾಡುತ್ತಿದ್ದರು. ಇವರು ಅಣ್ಣತಮ್ಮಂದಿರೆಂಬುದು ಚರ್ಚೆ ನಡೆಸುವ ಮೇಡಂಗೆ ಗೊತ್ತೇ ಇರಲಿಲ್ಲ.

ಹೆಂಡತಿ ಬಾಗಿಲಲ್ಲಿ ನಿಂತಳು. "ರೀ, ಮೊನ್ನೆಯಿಂದ ಆ ಮನೇಲಿ ಸರಿಯಾಗಿ ಒಲೆ ಉರಿದಿಲ್ಲ. ವಾರಗಿತ್ತಿ ಕಣ್ಣು ಊದಿಸ್ಕೊಂಡು ಓಡಾಡ್ತಿದಾಳೆ. ಕೇಳಿದ್ರೆ ಮುಖ ತಿರುಗಿಸ್ತಾಳೆ. ದಿನಾ ದೊಡ್ಡಪ್ಪಾ ಅಂತ ಬರ್ತಿದ್ದ ಹುಡುಗಾನೂ ಇತ್ತ ಬಂದಿಲ್ಲ. ನೀವೊಂದು ಸಲ ಹೋಗಿ ಕೇಳಿ."

"ಚರ್ಚೆ ಮುಗೀಲಿ."

"ಸಮುದ್ರದಾಚೆ ಯಾವ ಮಂತ್ರಿಗೆ ಕೆಮ್ಮು ಬಂದ್ರೂ ನಿಮಗೆ ಗೊತ್ತಾಗುತ್ತೆ. ಇಲ್ಲಿದ್ದು ಮಾತ್ರ..."

"ಸುಮ್ನಿರೇ, ಲೈನ್ ಸಿಕ್ತು!"

"ನಿಮ್ಮ ರೇಡಿಯೋ ಆರಿಸಿ ಸರ್, ಇಲ್ಲಾಂದ್ರೆ ಕೀರಲು ಸದ್ದು ಬರುತ್ತೆ" ಎಂದಿತು ಆ ಕಡೆಯ ದನಿ. ಆರಿಸಿದ. ಮೇಡಂ ಮಾತಾಡಿಸಿದರು. ಗಂಟಲು ಸರಿಮಾಡಿಕೊಂಡ.

"ಪಕ್ಕದ ಮನೆಗೆ ಬೆಂಕಿ ಬಿದ್ದಾಗ ಅಗಳಿ ಹಾಕ್ಕೊಂಡು ಕೂರೋಕಾಗುತ್ತಾ ಮೇಡಂ? ಅಲ್ಲಿ ಹಸುಗೂಸುಗಳು ಸಾಯ್ತಿವೆ. ಸರ್ಕಾರ ಈಗಲಾದ್ರೂ ಸೈನ್ಯ ಕಳಿಸ್ತಿದೆ, ಒಳ್ಳೇದಾಯ್ತು."

"ಇನ್ನೊಬ್ಬ ಕೇಳುಗರು ಒಪ್ಪಲಾರರು ಅನ್ಸುತ್ತೆ. ಹೇಳಿ ಸರ್."

ಎರಡೂ ಮನೆಯ ರೇಡಿಯೋ ಆರಿದ್ದರಿಂದ ತಮ್ಮನ ದನಿ ಮೊದಲು ಗೋಡೆಯಾಚೆಯಿಂದಲೇ ಬಂತು. ಅದೇ ಮಾತು ತುಸು ತಡವಾಗಿ ಫೋನಿನಲ್ಲಿ ಕೇಳಿತು.

"ಅವರು ಹೇಳೋದು ಸುಳ್ಳಲ್ಲ. ಕೂಸುಗಳು ಸಾಯ್ತಿರೋದು ನನಗೂ ಸಂಕಟಾನೇ. ಆದ್ರೆ ಸೈನ್ಯ ಸೈನ್ಯ ಅಂತೀವಲ್ಲ, ಹೋಗೋರು ಹುಡುಗರು ಮೇಡಂ. ನನ್ನ ಮಗ ಸೇರಿದಾನೆ. ಅವನಾಗೇ ಸೇರಿದ. ಭಾನುವಾರ ಹೊರಡ್ತಾನೆ."

ಫೋನಿನಲ್ಲಿ ಅದು ಹವಾಮಾನದ ವರದಿಯಷ್ಟೇ ಸಪ್ಪಗಿತ್ತು. ಗೋಡೆಯಾಚೆ ಮಾತ್ರ, ಮಾತು ಮುಗಿದ ಮೇಲೂ ಒಂದು ಉಸಿರು ಒಳಗೆಳೆದುಕೊಳ್ಳಲಾಗದೆ ಒದ್ದಾಡುತ್ತಿತ್ತು.

"ಇದಕ್ಕೇನಂತೀರಿ, ಹಗ್ಗದ ಯಜಮಾನರೇ?"

ಉತ್ತರ ಸಿದ್ಧವಿತ್ತು. ಇಂಥ ಮಾತಿಗೆ ತ್ಯಾಗ, ದೇಶ ಎಂದು ಹೇಳಲು ಅವನಿಗೆ ಯಾವತ್ತೂ ಕಷ್ಟವಾಗಿರಲಿಲ್ಲ. ಬಾಯಿ ತೆರೆದ. ಆ ಉಸಿರು ಇನ್ನೂ ಕೇಳಿಸುತ್ತಲೇ ಇತ್ತು.

"ಸರ್, ಲೈನಲ್ಲಿದೀರಾ?"

ಫೋನನ್ನು ಹೆಂಡತಿಯ ಕೈಗೆ ತುರುಕಿ ಅವನು ಹೊರನಡೆದ. ಅವಳು ಗಾಬರಿಯಿಂದ ಅದನ್ನು ಕಿವಿಗಿಟ್ಟುಕೊಂಡಳು. "ಅವರು ಇಲ್ಲಮ್ಮಾ," ಎಂದಳು, ದೇಶವೆಲ್ಲ ಕೇಳುತ್ತಿದೆ ಎಂಬ ಪರಿವೆಯೇ ಇಲ್ಲದೆ. "ತಮ್ಮನ ಮನೆಗೆ ಹೋದ್ರು."

ಆಚೆ ಮನೆಯ ಬಾಗಿಲಿಗೆ ಅಗಳಿ ಹಾಕಿರಲಿಲ್ಲ. ತಮ್ಮ ಗೋಡೆಗೊರಗಿ, ಫೋನು ಹಿಡಿದೇ ನೆಲದ ಮೇಲೆ ಕೂತಿದ್ದ. ಅಣ್ಣನನ್ನು ನೋಡಿ ಏಳಲಿಲ್ಲ.

"ಹುಡುಗ ಎಲ್ಲಿ?"

"ಕೂದಲು ಕತ್ತರಿಸ್ಕೊಳ್ಳೋಕೆ ಹೋಗಿದಾನೆ."

"ಇಷ್ಟೆಲ್ಲ ಆಗಿದೆ, ನನಗೊಂದು ಮಾತು ಹೇಳ್ಬಾರದಿತ್ತೇನೋ?"

"ಹೇಳಿದ್ನಲ್ಲ," ಎಂದ ತಮ್ಮ. "ನೀನು ಕೇಳೋದು ರೇಡಿಯೋದಲ್ಲಿ ಮಾತ್ರ ಅಂತ, ಅಲ್ಲೇ ಹೇಳಿದೆ."

ಫೋನಿನೊಳಗೆ ಮೇಡಂ ಇಬ್ಬರನ್ನೂ ಒಂದೇ ಸಮನೆ ಕರೆಯುತ್ತಿದ್ದರು. ಅಣ್ಣ ಬಗ್ಗಿ ತಮ್ಮನ ಕೈಯಿಂದ ಅದನ್ನು ತೆಗೆದು, ಆರಿಸಿ, ದೂರ ಇಟ್ಟ. ಆಮೇಲೆ ಅವನ ಪಕ್ಕದಲ್ಲೇ ನೆಲದ ಮೇಲೆ ಕುಳಿತ.

"ಈಗ ಹೇಳು," ಎಂದ.